ಗರ್ಭಸ್ಥ ಶಿಶುವಿನ ಮೂಗಿನ ಎಲುಬು: ತಾಯಂದಿರು ತಿಳಿಯತಕ್ಕ ಕೆಲವು ಸಂಗತಿಗಳು



ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶಗಳನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವುದು ವಾಡಿಕೆ. ಅವುಗಳ ವರದಿ ಈ ಸಂಚಿಕೆಯ ಬೇರೆ ಪುಟಗಳಲ್ಲಿರುವುದರಿಂದ, ನಾನು ಈ ಸಲ ಸಾಸಿವೆ ಕಾಳಿನಷ್ಟು ಚಿಕ್ಕದಾದ ಒಂದು ಎಲುಬಿನ ವಿಷಯವನ್ನು ಬರೆಯಲು ತೊಡಗಿದ್ದೇನೆ. ಇದಕ್ಕೆ ಕಾರಣವನ್ನು ಮೊದಲು ಅರಿಕೆ ಮಾಡುತ್ತೇನೆ.

ಕಳೆದ ವರ್ಷದ ಮಳೆಗಾಲದಲ್ಲಿ ಒಂದು ಸಾಯಂಕಾಲ, ಶಾಲೆ ಬಿಟ್ಟ ಮೇಲೆ, ನಮ್ಮಲ್ಲಿ ಓದಿಹೋದ ಹುಡುಗಿಯೊಬ್ಬಳು ನನ್ನ ಕೊಠಡಿಗೆ ಬಂದಳು. ಅವಳಿಗೆ ಮದುವೆಯಾಗಿ ಎರಡು ವರ್ಷ. ಆಗ ಮೂರು ತಿಂಗಳ ಗರ್ಭಿಣಿ. ಕೈಯಲ್ಲಿ ಸ್ಕ್ಯಾನಿನ ಕಾಗದವಿತ್ತು. "ಟೀಚರಮ್ಮಾ, ಮಗುವಿಗೆ ಮೂಗಿನ ಎಲುಬು ಕಾಣಿಸುವುದಿಲ್ಲವಂತೆ. ಬುದ್ಧಿ ಬೆಳೆಯದ ಮಗುವಾಗುವುದಂತೆ. ನಮ್ಮ ಮನೆತನದಲ್ಲಿ ಚಪ್ಪಟೆ ಮೂಗಿನವರು ಯಾರೂ ಇಲ್ಲ, ಇದು ನಿನ್ನ ತವರಿನಿಂದ ಬಂದದ್ದೆಂದು ಅತ್ತೆಯವರು ಹೇಳುತ್ತಾರೆ. ಸೋಮವಾರ ಗರ್ಭ ತೆಗೆಸುವುದಕ್ಕೆ ಕರೆದುಕೊಂಡು ಹೋಗುತ್ತಾರೆ. ನಾನೇನು ಮಾಡಲಿ?" ಎಂದು ಅತ್ತಳು.

ನಾನು ವೈದ್ಯಳಲ್ಲ; ಪಾಠ ಹೇಳುವವಳು. ಆದುದರಿಂದ ನನಗೆ ಬರುವ ಕೆಲಸವನ್ನೇ ಮಾಡಿದೆನು; ಅಂದರೆ ಆ ಕಾಗದವನ್ನು ಅವಳೊಂದಿಗೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆನು. ಕೊನೆಯ ಸಾಲಿನಲ್ಲಿ, ಮುಂದಿನ ಪರೀಕ್ಷೆಗಳನ್ನು ಮಾಡಿಸಿ ಪರಿಣತರ ಸಲಹೆ ಪಡೆಯತಕ್ಕದ್ದೆಂದು ಸ್ಪಷ್ಟವಾಗಿ ಬರೆದಿತ್ತು. ಆ ಸಾಲನ್ನು ಮನೆಯವರಲ್ಲಿ ಯಾರೂ ಓದಿರಲಿಲ್ಲ. ಒಂದು ಸಾಲನ್ನು ಓದಿ ಮತ್ತೊಂದನ್ನು ಓದದೆ ಬಿಟ್ಟದ್ದರಿಂದ ಒಂದು ಗರ್ಭವು ಅಪಾಯಕ್ಕೆ ಸಿಕ್ಕಿತ್ತು. ಆ ದಿನದಿಂದ ನಾನು ಈ ವಿಷಯವನ್ನು ಓದಿಯೂ ತಿಳಿದ ವೈದ್ಯರನ್ನು ಕೇಳಿಯೂ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಎಲುಬಿನ ವಿಚಾರ. ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿದರೆ ಅದು ಮೆತ್ತಗೆ ಬಾಗುವುದು, ಅದು ಮೃದ್ವಸ್ಥಿ. ಬೆರಳನ್ನು ಮೇಲಕ್ಕೆ ಜಾರಿಸಿ ಕಣ್ಣುಗಳ ನಡುವೆ ತಂದರೆ ಗಟ್ಟಿಯಾದ ಭಾಗ ಸಿಕ್ಕುವುದು. ಅಲ್ಲಿ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಎಲುಬುಗಳು ಕೂಡಿಕೊಂಡಿವೆ. ತೋಳು ತೊಡೆಗಳ ಎಲುಬುಗಳು ಮೊದಲು ಮೃದ್ವಸ್ಥಿಯಾಗಿದ್ದು ಬಳಿಕ ಗಟ್ಟಿಯಾಗುತ್ತವೆ. ಮೂಗಿನ ಎಲುಬುಗಳಾದರೋ ಪೊರೆಯಂತಹ ಅಂಗಾಂಶದಲ್ಲಿ ಸುಣ್ಣದ ಅಂಶ ಸೇರಿ ನೇರವಾಗಿ ಎಲುಬಾಗುತ್ತವೆ. ಗರ್ಭದ ಹನ್ನೆರಡನೆಯ ವಾರದ ಸುಮಾರಿಗೆ ಶಿಶುವು ನೆತ್ತಿಯಿಂದ ಪೃಷ್ಠದವರೆಗೆ ೬ ಸೆಂಟಿಮೀಟರಿನಷ್ಟು ಉದ್ದವಿರುವುದು. ಆಗ ಈ ಎಲುಬಿನ ಉದ್ದ ೨ ಮಿಲಿಮೀಟರಿನ ಆಸುಪಾಸು. ಹೀಗೆ ಎಲುಬು ಗಟ್ಟಿಯಾಗುವ ಕೆಲಸವು ಕೆಲವು ಶಿಶುಗಳಲ್ಲಿ ಬೇಗನೆಯೂ ಕೆಲವುಗಳಲ್ಲಿ ತಡವಾಗಿಯೂ ನಡೆಯುವುದು. ಈ ಮಾತನ್ನು ಜ್ಞಾಪಕದಲ್ಲಿಡಬೇಕು.

ತಾಯಿಯ ಹೊಟ್ಟೆಯೊಳಗಿನ ಇಷ್ಟು ಚಿಕ್ಕ ವಸ್ತು ಕಣ್ಣಿಗೆ ಕಾಣುವುದು ಹೇಗೆ? ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲುದು. ಅಲ್ಟ್ರಾಸೌಂಡ್ ಯಂತ್ರವು ಸೆಕೆಂಡಿಗೆ ಹತ್ತಾರು ಲಕ್ಷ ಕಂಪನಗಳುಳ್ಳ, ನಮಗೆ ಕೇಳಿಸದ ಶಬ್ದವನ್ನು ಒಳಕ್ಕೆ ಕಳುಹಿಸುತ್ತದೆ. ಬಾವಿಯೊಳಗೆ ಕೂಗಿದರೆ ಮಾರ್ದನಿ ಹಿಂದಿರುಗುವಂತೆ ಆ ಶಬ್ದವೂ ಹಿಂದಿರುಗುತ್ತದೆ. ಗರ್ಭಜಲದಿಂದ ಮಾರ್ದನಿ ಬಾರದೆ ಆ ಭಾಗ ಕಪ್ಪಾಗಿಯೂ, ಎಲುಬಿನಿಂದ ಬಲವಾದ ಮಾರ್ದನಿ ಬಂದು ಆ ಭಾಗ ಬೆಳ್ಳಗೆಯೂ ತೆರೆಯ ಮೇಲೆ ತೋರುತ್ತವೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಇಯಾನ್ ಡೊನಾಲ್ಡ್ ಎಂಬ ವೈದ್ಯರೂ ಅವರ ಜತೆಗಾರರೂ ೧೯೫೮ರಲ್ಲಿ ಈ ವಿಧಾನವನ್ನು ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇದರಲ್ಲಿ ಕ್ಷಕಿರಣದ ಉಪಯೋಗವಿಲ್ಲ.

ಇನ್ನು, ಮೂಗಿಗೂ ಬುದ್ಧಿಯ ಬೆಳವಣಿಗೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಇಂಗ್ಲೆಂಡಿನ ಜಾನ್ ಲ್ಯಾಂಗ್ಡನ್ ಡೌನ್ ಎಂಬ ವೈದ್ಯರು ೧೮೬೬ರಲ್ಲಿ, ಬುದ್ಧಿಯ ಬೆಳವಣಿಗೆ ಕುಂಠಿತವಾದ ಕೆಲವು ಮಕ್ಕಳ ಮುಖಲಕ್ಷಣಗಳು ಒಡಹುಟ್ಟಿದವರಂತೆ ಒಂದನ್ನೊಂದು ಹೋಲುವುದನ್ನು ಕಂಡು ವರ್ಣಿಸಿದರು. ಚಿಕ್ಕದಾದ ಮೂಗು ಅವುಗಳಲ್ಲಿ ಒಂದು. ಅವರು ಆ ಸ್ಥಿತಿಗೆ ಒಂದು ಜನಾಂಗದ ಹೆಸರನ್ನು ಅಂಟಿಸಿದ್ದು ತಪ್ಪೆಂದು ಕಂಡುಬಂದು, ಇಂದು ಆ ಹೆಸರನ್ನು ಬಿಟ್ಟು ಡೌನ್ ಸಿಂಡ್ರೋಮ್ ಎಂದೇ ಕರೆಯುತ್ತಾರೆ. ೧೯೫೯ರಲ್ಲಿ ಪ್ಯಾರಿಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೆ, ರೇಮೋನ್ ತುರ್ಪ್ಯಾಂ ಎಂಬ ಮೂವರು ಇದರ ಕಾರಣವನ್ನು ತೋರಿಸಿಕೊಟ್ಟರು. ನಮ್ಮ ದೇಹದ ಜೀವಕೋಶಗಳಲ್ಲಿ ೪೬ ವರ್ಣತಂತುಗಳಿರಬೇಕಾದಲ್ಲಿ ಈ ಮಕ್ಕಳಲ್ಲಿ ೪೭ ಇರುತ್ತವೆ. ೨೧ನೆಯ ವರ್ಣತಂತು ಎರಡಕ್ಕೆ ಬದಲಾಗಿ ಮೂರಿರುತ್ತದೆ. ಈ ಹೆಚ್ಚಿನ ಒಂದರಿಂದ ಹಲವು ಅಂಗಗಳ ಬೆಳವಣಿಗೆ ನಿಧಾನವಾಗುವುದು. ಮೂಗಿನ ಎಲುಬು ಅವುಗಳ ಪೈಕಿ ಒಂದು.

ಅತ್ತೆಯವರ ಆಕ್ಷೇಪಣೆಗೆ ಇಲ್ಲಿಯೇ ಉತ್ತರ ಸಿಕ್ಕುವುದು. ಹೆಚ್ಚಿನ ಸಂದರ್ಭಗಳಲ್ಲಿ ಆ ಹೆಚ್ಚುವರಿ ವರ್ಣತಂತುವು ಅಂಡಾಣುವೋ ವೀರ್ಯಾಣುವೋ ರೂಪುಗೊಳ್ಳುವ ಹೊತ್ತಿನಲ್ಲಿ ಆಕಸ್ಮಿಕವಾಗಿ ಸೇರಿಕೊಂಡದ್ದು. ವಂಶದಿಂದ ಬರುವ ಬಗೆಯೊಂದು ಉಂಟು; ಆದರೆ ಅದು ವಿರಳ, ಮತ್ತು ರಕ್ತಪರೀಕ್ಷೆಯಿಂದ ತಿಳಿಯತಕ್ಕದ್ದು. ತವರಿನವರ ಮೂಗನ್ನು ನೋಡಿ ತಿಳಿಯುವಂತಹುದಲ್ಲ. ತಾಯಿಯ ವಯಸ್ಸು ಹೆಚ್ಚಿದಂತೆ ಸಂಭವ ಹೆಚ್ಚುವುದು ನಿಜ: ಮೂವತ್ತು ವರ್ಷದ ತಾಯಂದಿರಲ್ಲಿ ಸುಮಾರು ೯೦೦ ಹೆರಿಗೆಗಳಿಗೆ ಒಂದು, ನಾಲ್ವತ್ತರಲ್ಲಿ ಸುಮಾರು ೧೦೦ಕ್ಕೆ ಒಂದು. ಇದರಲ್ಲಿ ಯಾರ ಅಪರಾಧವೂ ಇಲ್ಲ.

ಲಂಡನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಕಿಪ್ರೋಸ್ ನಿಕೊಲೈಡಿಸ್ ಎಂಬವರೂ ಅವರ ಸಂಗಡಿಗರೂ ೧೯೯೨ರಲ್ಲಿ, ಶಿಶುವಿನ ಕತ್ತಿನ ಹಿಂದೆ ಚರ್ಮದಡಿ ಸೇರುವ ದ್ರವದ ಪದರ ದಪ್ಪವಾಗಿದ್ದರೆ ಅದು ವರ್ಣತಂತುವಿನ ದೋಷದ ಸೂಚನೆಯಾಗಬಹುದೆಂದು ತೋರಿಸಿದರು. ಅದೇ ತಂಡದವರು ೨೦೦೧ರಲ್ಲಿ ಮೂಗಿನ ಎಲುಬಿನ ಅಧ್ಯಯನವನ್ನು ಪ್ರಕಟಿಸಿದರು. ೧೧ರಿಂದ ೧೪ ವಾರದೊಳಗಿನ ೭೦೧ ಶಿಶುಗಳನ್ನು ನೋಡಿದಾಗ, ಡೌನ್ ಸಿಂಡ್ರೋಮ್ ಇದ್ದ ೫೯ರಲ್ಲಿ ೪೩ ಶಿಶುಗಳಿಗೆ, ಅಂದರೆ ನೂರಕ್ಕೆ ೭೩ಕ್ಕೆ, ಎಲುಬು ಕಾಣಲಿಲ್ಲ. ವರ್ಣತಂತುಗಳು ಸರಿಯಾಗಿದ್ದ ೬೦೩ರಲ್ಲಿ ೩ಕ್ಕೆ ಮಾತ್ರ ಕಾಣಲಿಲ್ಲ. ಅಂದಿನಿಂದ ಈ ಎಲುಬು ಅನೇಕ ದೇಶಗಳ ಸ್ಕ್ಯಾನಿನ ವರದಿಯಲ್ಲಿ ಒಂದು ಸಾಲನ್ನು ಪಡೆಯಿತು.

ಇದನ್ನು ನೋಡುವ ಕ್ರಮವೂ ಸೂಕ್ಷ್ಮವಾದುದು. ಶಿಶುವಿನ ಮುಖವನ್ನು ನಡುಮಧ್ಯದಲ್ಲಿ ನೇರವಾಗಿ ಸೀಳಿದಂತೆ ಪಕ್ಕದಿಂದ ಕಾಣಬೇಕು. ಚೆನ್ನಾಗಿ ತೆಗೆದ ಚಿತ್ರದಲ್ಲಿ ಮೂರು ಗೆರೆಗಳು ತೋರುವುವು: ಮೇಲಿನದು ಮೂಗಿನ ಚರ್ಮ, ಅದರ ಕೆಳಗೆ ಅದಕ್ಕೆ ಸಮಾನಾಂತರವಾಗಿ, ಅದಕ್ಕಿಂತ ದಪ್ಪವಾಗಿ ಬೆಳ್ಳಗಿರುವುದು ಎಲುಬು, ಮುಂದೆ ತುಸು ಮೇಲಕ್ಕಿರುವುದು ಮೂಗಿನ ತುದಿ. ಮೊದಲಿನ ಎರಡು ಗೆರೆಗಳು ನಮ್ಮ ಗಣಿತದ ಸಮಚಿಹ್ನೆಯಂತೆ ಕಾಣುತ್ತವೆ. ಯಂತ್ರದ ಮುಖವನ್ನು ಕೊಂಚ ಓರೆ ಹಿಡಿದರೆ ಇದ್ದ ಎಲುಬೂ ಮರೆಯಾಗುವುದು. ಶಿಶು ಬೆನ್ನು ತಿರುಗಿಸಿ ಮಲಗಿದ್ದರೆ ಕಾಯಬೇಕು. ಆದುದರಿಂದಲೇ ಇದಕ್ಕೆ ವಿಶೇಷ ತರಬೇತಿ ಪಡೆದವರು ಬೇಕು. ಹನ್ನೊಂದು, ಹನ್ನೆರಡನೆಯ ವಾರದಲ್ಲಿ ಎಲುಬು ಕಾಣದೆ ಮಿಕ್ಕೆಲ್ಲ ಸೂಚನೆಗಳು ಸರಿಯಾಗಿದ್ದರೆ, ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡುವುದು ಯುಕ್ತವೆಂದು ಪರಿಣತರು ಹೇಳುತ್ತಾರೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಪ್ರತಿ ವರ್ಷ ನಮ್ಮ ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆಯುವುದು ನಿಮಗೆ ನೆನಪಿರಬಹುದು. ಹುಡುಗಿಯರು ಸಾಲಾಗಿ ನಿಂತು, ಗೋಡೆಯ ಮೇಲಿನ ಅಕ್ಷರಗಳನ್ನು ಒಂದು ಕಣ್ಣು ಮುಚ್ಚಿ ಓದುವರು. ಓದಲಾರದವಳ ಹೆಸರನ್ನು ಬರೆದುಕೊಂಡು ಕಣ್ಣಿನ ವೈದ್ಯರ ಬಳಿಗೆ ಕಳುಹಿಸುವೆವು. ಅವಳಿಗೆ ಕನ್ನಡಕ ಬೇಕೆಂದು ಉಪಾಧ್ಯಾಯಿನಿಯು ತೀರ್ಪು ಕೊಡುವುದಿಲ್ಲ. ರಾತ್ರಿ ನಿದ್ದೆಗೆಟ್ಟ ಹುಡುಗಿಯೂ ತಪ್ಪಿ ಓದಿರಬಹುದು. ಮುಂದಿನವಳು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿದ ಹುಡುಗಿಯು ಕಣ್ಣು ಮಂದವಾಗಿದ್ದರೂ ಸರಿಯಾಗಿ ಒಪ್ಪಿಸಿರಬಹುದು. ಮೂಗಿನ ಎಲುಬನ್ನು ನೋಡುವುದೂ ಇಂತಹ ಸಾಲಿನ ತಪಾಸಣೆಯೇ. ಯಾರನ್ನು ಮತ್ತೊಮ್ಮೆ ಎಚ್ಚರಿಕೆಯಿಂದ ಪರೀಕ್ಷಿಸಬೇಕೆಂಬುದನ್ನು ಅದು ತಿಳಿಸುವುದು. ರೋಗವುಂಟೆಂದಾಗಲಿ ಇಲ್ಲವೆಂದಾಗಲಿ ಅದು ನಿರ್ಣಯಿಸಲಾರದು.

ಇದನ್ನು ಲೆಕ್ಕ ಮಾಡಿಯೇ ನೋಡೋಣ. ಮೂವತ್ತರೊಳಗಿನ ೧೦,೦೦೦ ಗರ್ಭಿಣಿಯರಿದ್ದಾರೆಂದೂ, ಸಾವಿರಕ್ಕೆ ಒಂದರಂತೆ ಅವರಲ್ಲಿ ೧೦ ಮಂದಿಯ ಶಿಶುಗಳಿಗೆ ಡೌನ್ ಸಿಂಡ್ರೋಮ್ ಇದೆಯೆಂದೂ ಇಟ್ಟುಕೊಳ್ಳಿರಿ. ಮೇಲೆ ಹೇಳಿದ ಅಧ್ಯಯನದ ಪ್ರಮಾಣದಲ್ಲಿ ಈ ಹತ್ತರಲ್ಲಿ ಸುಮಾರು ೭ಕ್ಕೆ ಎಲುಬು ಕಾಣದು; ೩ಕ್ಕೆ ಕಾಣುವುದು, ಮತ್ತು ಅವು ತಪಾಸಣೆಯ ಕಣ್ಣಿಗೆ ಬೀಳದೆ ದಾಟಿಹೋಗುವುವು. ಉಳಿದ ೯,೯೯೦ ಆರೋಗ್ಯವಂತ ಶಿಶುಗಳಲ್ಲಿ ನೂರಕ್ಕೆ ಅರೆಯಂತೆ ಸುಮಾರು ೫೦ಕ್ಕೆ ಎಲುಬು ಕಾಣದು. ಅಂತೂ ಎಲುಬು ಕಾಣಲಿಲ್ಲವೆಂಬ ವರದಿ ಪಡೆದ ತಾಯಂದಿರು ೫೭. ಅವರಲ್ಲಿ ನಿಜವಾಗಿ ಡೌನ್ ಸಿಂಡ್ರೋಮ್ ಇರುವ ಶಿಶುವಿನ ತಾಯಂದಿರು ೭. ಎಂಟಕ್ಕೆ ಏಳು ಮಂದಿಯ ಭಯವು ನಿರಾಧಾರವಾದದ್ದೆಂದಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ೨೦೦೧ರ ಅಧ್ಯಯನದಲ್ಲಿದ್ದವರು, ಇತರ ಸೂಚನೆಗಳಿಂದ ಸಂದೇಹ ಹುಟ್ಟಿ ವರ್ಣತಂತುಗಳ ಪರೀಕ್ಷೆಗೆ ಬಂದಿದ್ದ ತಾಯಂದಿರು. ಅದೇ ಸಂಸ್ಥೆಯವರು ೨೦೦೩ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ವರ್ಣತಂತುಗಳು ಸರಿಯಾಗಿರುವ ಶಿಶುಗಳಲ್ಲಿಯೂ ಎಲುಬು ಕಾಣದಿರುವ ಪ್ರಮಾಣ ತಾಯಿಯ ಮೂಲವನ್ನನುಸರಿಸಿ ಬೇರೆ ಬೇರೆಯಾಗಿರುವುದು ಕಂಡುಬಂದಿತು: ಬಿಳಿಯರಲ್ಲಿ ನೂರಕ್ಕೆ ಸುಮಾರು ೨, ಏಷ್ಯಾ ಮೂಲದವರಲ್ಲಿ ಸುಮಾರು ೫, ಆಫ್ರಿಕಾ ಮತ್ತು ಕೆರಿಬಿಯನ್ ಮೂಲದವರಲ್ಲಿ ಸುಮಾರು ೯. ನಮ್ಮ ಲೆಕ್ಕದಲ್ಲಿ ನೂರಕ್ಕೆ ಅರೆಯ ಬದಲು ೫ನ್ನು ಹಾಕಿ ನೋಡಿರಿ. ಎಲುಬು ಕಾಣದ ಆರೋಗ್ಯವಂತ ಶಿಶುಗಳು ೫೦ರಿಂದ ೫೦೦ಕ್ಕೆ ಏರುವುವು. ಸಂದೇಹಕ್ಕೆ ಒಳಗಾದ ಸುಮಾರು ಎಪ್ಪತ್ತು ತಾಯಂದಿರಲ್ಲಿ ಒಬ್ಬಳ ವಿಷಯದಲ್ಲಿ ಮಾತ್ರ ಆ ಸಂದೇಹ ನಿಜವಾಗುವುದು. ತೆರೆಯ ಮೇಲಿನ ನೆರಳು ಒಂದೇ. ಅದರ ಅರ್ಥವು ತಾಯಿಯಿಂದ ತಾಯಿಗೆ ಬೇರೆ. ಆದುದರಿಂದ ಒಂದು ನಾಡಿನ ಶಿಶುಗಳಿಂದ ತಯಾರಿಸಿದ ಅಳತೆಯ ಪಟ್ಟಿಯಿಂದ ಮತ್ತೊಂದು ನಾಡಿನ ಶಿಶುವನ್ನು ಅಳೆಯುವಾಗ ಬಹು ಜಾಗರೂಕತೆ ಬೇಕು.

ಈ ಕಾರಣದಿಂದಲೇ ವೈದ್ಯರು ಎಲುಬೊಂದನ್ನೇ ನಂಬುವುದಿಲ್ಲ. ತಾಯಿಯ ವಯಸ್ಸು, ಕತ್ತಿನ ಹಿಂದಿನ ದ್ರವದ ಅಳತೆ, ಮಾಸಿನಿಂದ ತಾಯಿಯ ರಕ್ತಕ್ಕೆ ಬರುವ ಎರಡು ವಸ್ತುಗಳ ಪ್ರಮಾಣ, ಇವುಗಳನ್ನು ಕೂಡಿಸಿ ಲೆಕ್ಕ ಮಾಡಿದರೆ ಡೌನ್ ಸಿಂಡ್ರೋಮ್ ಇರುವ ನೂರು ಶಿಶುಗಳಲ್ಲಿ ಸುಮಾರು ೯೦ನ್ನು ಗುರುತಿಸಬಹುದು; ಆಗ ಆರೋಗ್ಯವಂತ ಶಿಶುಗಳಲ್ಲಿ ನೂರಕ್ಕೆ ಸುಮಾರು ೫ರ ಮೇಲೆ ವೃಥಾ ಸಂದೇಹ ಬೀಳುವುದು. ಮೂಗಿನ ಎಲುಬನ್ನೂ ಸೇರಿಸಿದರೆ ಲೆಕ್ಕ ಇನ್ನಷ್ಟು ಹರಿತವಾಗುವುದು. ನಾಲ್ಕು ಸಾಕ್ಷಿಗಳ ಪೈಕಿ ಒಂದಾಗಿ ಆ ಎಲುಬಿನ ಮಾತಿಗೆ ಬೆಲೆಯುಂಟು. ಒಂಟಿ ಸಾಕ್ಷಿಯಾಗಿ ಅದು ದುರ್ಬಲವಾದುದು.

ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಎಲುಬು ಉಂಟೆ ಇಲ್ಲವೆ ಎಂಬುದರ ಜೊತೆಗೆ ಅದರ ಉದ್ದವನ್ನೂ ಅಳೆಯುವರು. ೨.೫ ಮಿಲಿಮೀಟರಿಗಿಂತ ಕಡಿಮೆಯಾದರೆ ಗಿಡ್ಡವೆಂದು ಎಣಿಸುವುದುಂಟು. ವಾರಕ್ಕೆ ತಕ್ಕ ಸರಾಸರಿಯೊಡನೆ ಹೋಲಿಸುವುದೂ ಉಂಟು. ಮುಖದ ಬೇರೆ ಎಲುಬುಗಳಿಗೂ ಅಳತೆಗಳಿವೆ. ಡೌನ್ ಸಿಂಡ್ರೋಮ್ ಇರುವ ಶಿಶುಗಳಲ್ಲಿ ಮೇಲ್ದವಡೆಯು ತುಸು ಹಿಂದಕ್ಕಿರುವುದರಿಂದ, ದವಡೆಗೂ ಹಣೆಗೂ ನಡುವಣ ಕೋನವು ಸಾಮಾನ್ಯಕ್ಕಿಂತ ದೊಡ್ಡದಾಗಿ ತೋರಬಹುದು. ಕೆಳದವಡೆಯು ತೀರ ಚಿಕ್ಕದಾಗಿ ಹಿಂದಕ್ಕೆ ಸರಿದಿದ್ದರೆ, ಹುಟ್ಟಿದ ಕೂಡಲೆ ಮಗುವಿಗೆ ಉಸಿರಾಟಕ್ಕೂ ಹಾಲು ಕುಡಿಯುವುದಕ್ಕೂ ತೊಂದರೆಯಾಗಬಹುದು. ಮೊದಲೇ ತಿಳಿದಿದ್ದರೆ ಮಕ್ಕಳ ವೈದ್ಯರೂ ತಕ್ಕ ಸಲಕರಣೆಗಳೂ ಇರುವ ಆಸ್ಪತ್ರೆಯಲ್ಲಿ ಹೆರಿಗೆಯನ್ನು ಗೊತ್ತುಮಾಡಿಕೊಳ್ಳಬಹುದು. ಅಳತೆಯ ಒಂದು ದೊಡ್ಡ ಪ್ರಯೋಜನ ಇದೇ: ಬರುವ ಮಗುವಿಗಾಗಿ ಸಿದ್ಧರಾಗಿರುವುದು.

ಸಂದೇಹ ಉಳಿದರೆ ಮುಂದಿನ ದಾರಿ ಏನು? ತಾಯಿಯ ರಕ್ತದಲ್ಲಿ ಗರ್ಭಕ್ಕೆ ಸೇರಿದ ಡಿಎನ್‌ಎ ತುಣುಕುಗಳು ತೇಲುತ್ತಿರುವುದನ್ನು ಡೆನಿಸ್ ಲೋ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ೧೯೯೭ರಲ್ಲಿ ಪ್ರಕಟಿಸಿದರು. ಅದನ್ನಾಧರಿಸಿದ ರಕ್ತಪರೀಕ್ಷೆ ೨೦೧೧ರಿಂದ ಬಳಕೆಗೆ ಬಂದಿದೆ. ಡೌನ್ ಸಿಂಡ್ರೋಮ್ ಇರುವ ನೂರರಲ್ಲಿ ಸುಮಾರು ೯೯ನ್ನು ಅದು ಗುರುತಿಸಬಲ್ಲುದು. ಆದರೂ ಅದು ತಪಾಸಣೆಯೇ ಹೊರತು ಕಡೆಯ ನಿರ್ಣಯವಲ್ಲ. ನಿರ್ಣಯಕ್ಕಾಗಿ ೧೧ನೆಯ ವಾರದ ಮೇಲೆ ಮಾಸಿನ ಚೂರನ್ನಾಗಲಿ, ೧೫ನೆಯ ವಾರದ ಮೇಲೆ ಗರ್ಭಜಲವನ್ನಾಗಲಿ ಸೂಜಿಯಿಂದ ತೆಗೆದು ವರ್ಣತಂತುಗಳನ್ನೇ ಎಣಿಸುವರು. ಈ ಪರೀಕ್ಷೆಗಳಿಂದ ಗರ್ಭಪಾತವಾಗುವ ಅಪಾಯ ಅಲ್ಪ. ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಅದನ್ನು ವೈದ್ಯರಿಂದ ಕೇಳಿ ತಿಳಿದ ಬಳಿಕವೇ ಒಪ್ಪಿಗೆ ಕೊಡಬೇಕು.

ನಮ್ಮ ದೇಶದ ಕಾನೂನನ್ನೂ ತಿಳಿದಿರುವುದು ಅವಶ್ಯ. ೧೯೯೪ರಲ್ಲಿ ಆಗಿ ೨೦೦೩ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ, ಇಂತಹ ಪರೀಕ್ಷೆಗಳು ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ನಡೆಯತಕ್ಕವು. ಶಿಶು ಗಂಡೋ ಹೆಣ್ಣೋ ಎಂಬುದನ್ನು ಕೇಳುವುದೂ ಹೇಳುವುದೂ ಅಪರಾಧ. ಹೆಣ್ಣುಮಕ್ಕಳ ಶಾಲೆಯವರಾದ ನಾವು ಇದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ. ಗರ್ಭವನ್ನು ಮುಂದುವರಿಸದಿರುವ ವಿಷಯದಲ್ಲಿ ೧೯೭೧ರ ಕಾನೂನೂ ಅದರ ೨೦೨೧ರ ತಿದ್ದುಪಡಿಯೂ ವಾರಗಳ ಮಿತಿಯನ್ನೂ ವೈದ್ಯರ ಅಭಿಪ್ರಾಯವನ್ನೂ ವಿಧಿಸಿವೆ. ಪ್ರಾಪ್ತವಯಸ್ಕಳಾದ ಸ್ತ್ರೀಯ ಸ್ವಂತ ಒಪ್ಪಿಗೆಯಿಲ್ಲದೆ ಅದನ್ನು ಮಾಡತಕ್ಕದ್ದಲ್ಲ. ಅತ್ತೆಯವರ ಒಪ್ಪಿಗೆಯಾಗಲಿ ಗಂಡನ ಒಪ್ಪಿಗೆಯಾಗಲಿ ಅವಳ ಒಪ್ಪಿಗೆಯ ಸ್ಥಾನದಲ್ಲಿ ನಿಲ್ಲಲಾರದು.

ಪರೀಕ್ಷೆಯಲ್ಲಿ ೪೭ ವರ್ಣತಂತುಗಳೇ ಕಂಡುಬಂದರೆ? ಆಗ ತಾಯಿತಂದೆಗಳು ಏನು ಮಾಡಬೇಕೆಂದು ಹೊರಗಿನವರು ವಿಧಿಸುವುದು ಯೋಗ್ಯವಲ್ಲ. ಆದರೆ ಅವರು ನಿಜಸ್ಥಿತಿಯನ್ನು ತಿಳಿದು ಯೋಚಿಸಲಿ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುವುದು. ಅವುಗಳಲ್ಲಿ ಅನೇಕವು ಶಸ್ತ್ರಚಿಕಿತ್ಸೆಯಿಂದ ಸರಿಯಾಗುವುವು. ಕಲಿಯುವುದು ನಿಧಾನ, ಆದರೆ ಕಲಿಯುತ್ತಾರೆ. ಅಮೆರಿಕದಲ್ಲಿ ೧೯೮೩ರಲ್ಲಿ ಸುಮಾರು ೨೫ ವರ್ಷಗಳಿದ್ದ ಅವರ ಸರಾಸರಿ ಆಯುಷ್ಯವು ಈಗ ೬೦ರ ಸುಮಾರಿಗೆ ಏರಿದೆ. ನಮ್ಮ ದೇಶದಲ್ಲಿ ೨೦೧೬ರ ವಿಕಲಚೇತನರ ಹಕ್ಕುಗಳ ಕಾನೂನು, ಗೊತ್ತುಪಡಿಸಿದ ಪ್ರಮಾಣದ ನ್ಯೂನತೆಯುಳ್ಳ ಮಕ್ಕಳಿಗೆ ೬ರಿಂದ ೧೮ ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ.

ನಮ್ಮ ಹಳೆಯ ವಿದ್ಯಾರ್ಥಿನಿಯರ ಸಭೆಗೆ ಇಂತಹ ಮಗನನ್ನು ಪ್ರತಿ ವರ್ಷವೂ ಕರೆತರುವ ತಾಯಿಯೊಬ್ಬಳಿದ್ದಾಳೆ. ಸಭೆ ಮುಗಿದ ಮೇಲೆ ಚಹದ ಲೋಟಗಳನ್ನು ಹಂಚುವವನು ಅವನೇ. ಯಾರಿಗಾದರೂ ತಪ್ಪಿದರೆ ತಾನೇ ಕಂಡು ತಂದುಕೊಡುತ್ತಾನೆ. "ಮೊದಲೇ ತಿಳಿದಿದ್ದರೆ ಹೃದಯದ ವೈದ್ಯರಿರುವ ಊರಿನಲ್ಲಿ ಹೆರುತ್ತಿದ್ದೆ, ಟೀಚರಮ್ಮಾ. ಮೊದಲ ವರ್ಷದ ಓಡಾಟ ಅಷ್ಟು ಕಷ್ಟವಾಗುತ್ತಿರಲಿಲ್ಲ" ಎಂದು ಅವಳು ಒಮ್ಮೆ ನನಗೆ ಹೇಳಿದಳು. ಮಗನ ವಿಷಯದಲ್ಲಿ ಅವಳು ಹೇಳಿದ ದೂರು ಅಷ್ಟೇ.

ಆದುದರಿಂದ, ಪ್ರಿಯ ಸೋದರಿಯರೇ, ಇಂತಹ ಕಾಗದ ನಿಮ್ಮ ಕೈಗೆ ಬಂದರೆ ಅದನ್ನು ಕೊನೆಯ ಸಾಲಿನವರೆಗೂ ಓದಿರಿ. ಬಳಿಕ ವೈದ್ಯರನ್ನು ಸಂಕೋಚಪಡದೆ ಕೇಳಿರಿ: ಈಗ ಎಷ್ಟು ವಾರ? ಮುಖವು ಸರಿಯಾದ ಭಂಗಿಯಲ್ಲಿ ಕಂಡಿತೆ? ಒಂದು ವಾರ ಬಿಟ್ಟು ಮತ್ತೆ ನೋಡಬಹುದೆ? ಇತರ ಸೂಚನೆಗಳು ಹೇಗಿವೆ? ಎಲ್ಲವನ್ನೂ ಕೂಡಿಸಿದರೆ ನನ್ನ ಪಾಲಿನ ಸಂಭವ ಎಷ್ಟಕ್ಕೆ ಒಂದು? ನಿರ್ಣಯದ ಪರೀಕ್ಷೆ ಎಲ್ಲಿ ಆಗುವುದು? ಈ ಪ್ರಶ್ನೆಗಳಿಗೆ ಉತ್ತರ ಬರುವವರೆಗೆ ಯಾವ ತೀರ್ಮಾನವನ್ನೂ ಮಾಡಬೇಡಿರಿ.

ಆ ಹುಡುಗಿಯು ಸೋಮವಾರ ಹೋಗಲಿಲ್ಲ. ಗಂಡನೂ ಅವಳೂ ಆ ಕಾಗದವನ್ನು ಕೂಡಿ ಓದಿದರು. ಹತ್ತು ದಿನ ಬಿಟ್ಟು ನೋಡಿದಾಗಲೂ ಎಲುಬು ಸ್ಪಷ್ಟವಾಗಿ ಕಾಣಲಿಲ್ಲ. ಕೊನೆಗೆ ಗರ್ಭಜಲದ ಪರೀಕ್ಷೆಯಾಯಿತು. ಅದರ ಫಲಿತಾಂಶ ಬರುವವರೆಗೆ ಅವಳು ಹೇಗೆ ದಿನಗಳನ್ನು ಕಳೆದಳೆಂಬುದನ್ನು ತಾಯಂದಿರಾದ ನೀವು ಬಲ್ಲಿರಿ. ವರ್ಣತಂತುಗಳು ೪೬. ಜನವರಿಯಲ್ಲಿ ಮಗು ಹುಟ್ಟಿತು. ಮೂಗು ತಾಯಿಯದರಂತೆಯೇ ತುಸು ಕುಳಿತದ್ದು. ಈಗ ಅತ್ತೆಯವರೇ ದಿನವೂ ಎಣ್ಣೆ ಹಚ್ಚಿ ಅದನ್ನು ನೀವಿ ನೆಟ್ಟಗೆ ಮಾಡಲು ಪ್ರಯತ್ನಪಡುತ್ತಿದ್ದಾರೆಂದು ಕೇಳಿ ನನಗೆ ನಗು ಬಂದಿತು.

ಫಲಿತಾಂಶವು ಬೇರೆಯಾಗಿದ್ದರೂ ನಾನು ಈ ಲೇಖನವನ್ನು ಹೀಗೆಯೇ ಬರೆಯುತ್ತಿದ್ದೆನು. ಏಕೆಂದರೆ ಆಗಲೂ ಆ ತಾಯಿಗೆ ತಿಳಿದು ಯೋಚಿಸುವ ಅವಕಾಶ ದೊರೆಯಬೇಕಾಗಿತ್ತು. ಓದಲು ಕಲಿಸಿದ ಶಾಲೆಯು ತನ್ನ ಮಕ್ಕಳಿಂದ ಬಯಸುವುದು ಇಷ್ಟೇ: ಭಯವಾದಾಗಲೂ ಪೂರ್ತಿಯಾಗಿ ಓದಿರಿ.